ಈ ಸಲ ಸೂಜಿ ನಂಗೆ ಕಣೋ

ಲೋ ರಘು,

ಮೊನ್ನೆ ನೀನು ಫೋನ್ ಮಾಡ್ದಾಗ "ಏನೋ ಹೇಳಕ್ಕೆ ಬಂದು ನುಂಗ್ತಿದೀಯ" ಅಂದೆ ನೋಡು, ನಿಜ ಅದು. ಬಾಯಲ್ಲಿ ಬರ್ಲಿಲ್ಲ, ಬರೆದ್ರೆ ಬರುತ್ತೇನೋ ಅಂತ ಕೂತಿದೀನಿ. ಇದನ್ನ ಎಲ್ರೂ ಓದೋ ಹಾಗೆ ಹಾಕು ಅಂದಿದ್ದು ಇವ್ಳು. "ಗಂಡಸ್ರು ಯಾರೂ ಈ ವಿಷಯಕ್ಕೆ ಬಾಯಿ ಬಿಡಲ್ಲ, ನೀನಾದ್ರೂ ಬರಿ" ಅಂದ್ಳು. ಮಿಕ್ಕವರು ಓದ್ಕೊಳ್ಳಲಿ, ನೀನು ಮಾತ್ರ ಹಳೇ ಹಾರ್ಮೋನಿಯಂ ಕಥೆ ನೆನಪಿಸ್ಕೊಂಡು ನಗ್ಬೇಡ, ಇದು ಅದಲ್ಲ.

ವಿಷಯ ಏನಪ್ಪಾ ಅಂದ್ರೆ ನಾನೊಂದು ಕ್ಲಿನಿಕಲ್ ಟ್ರಯಲ್‌ಗೆ ಸೇರ್ತಿದೀನಿ. ಸ್ಪರ್ಮ್ ಕೌಂಟ್, ಅಂದ್ರೆ ವೀರ್ಯಾಣು ಸಂಖ್ಯೆ ಕಮ್ಮಿ ಇದ್ದು, ಯಾಕೆ ಕಮ್ಮಿ ಅಂತ ಕಾರಣ ಸಿಗದೇ ಇರೋ ಗಂಡಸ್ರಿಗೆ ಎಫ್‌ಎಸ್‌ಎಚ್ ಅನ್ನೋ ಹಾರ್ಮೋನಿನ ಇಂಜೆಕ್ಷನ್ ಕೊಟ್ರೆ ಮಗು ಆಗೋ ಸಾಧ್ಯತೆ ಹೆಚ್ಚುತ್ತಾ ಅಂತ ನೋಡೋ ಟ್ರಯಲ್. ಹೌದು, ಕೌಂಟ್ ಕಮ್ಮಿ ಇರೋದು ನಂದು. ವಿಶ್ವ ಆರೋಗ್ಯ ಸಂಸ್ಥೆ ಎಳೆದಿರೋ ಕೆಳಗಿನ ಗೆರೆ ಅಂದ್ರೆ ಒಂದು ಎಂಎಲ್‌ಗೆ 16 ಮಿಲಿಯನ್, ನಾನು ಅದಕ್ಕಿಂತ ತುಂಬಾ ಕೆಳಗಿದೀನಿ. ಇಷ್ಟು ದಿನ "ನಮಗೆ ಸ್ವಲ್ಪ ಪ್ರಾಬ್ಲಮ್ ಇದೆ" ಅಂತ ಇಬ್ರನ್ನೂ ಸೇರಿಸಿ ಹೇಳ್ತಿದ್ವಿ, ಇವ್ಳ ರಿಪೋರ್ಟ್ ಎಲ್ಲಾ ನಾರ್ಮಲ್ ಕಣೋ.

ನೀನು ಕಾಳಜಿಯಿಂದ ಜಿಂಕ್ ಮಾತ್ರೆ ತಗೋ ಅಂದಿದ್ದೆ. ಅದರ ಬಗ್ಗೆ ಸರಿಯಾದ ಟ್ರಯಲ್ಲೇ ಆಗಿದೆ, ಗೊತ್ತಾ? ಅಮೆರಿಕದಲ್ಲಿ 2,370 ದಂಪತಿಗಳನ್ನ ಸೇರಿಸಿ, ಅರ್ಧದಷ್ಟು ಗಂಡಸ್ರಿಗೆ ಆರು ತಿಂಗಳು ದಿನಾ ಜಿಂಕು ಮತ್ತೆ ಫೋಲಿಕ್ ಆಸಿಡ್, ಉಳಿದವರಿಗೆ ನೋಡಕ್ಕೆ ಹಾಗೇ ಇದ್ದು ಒಳಗೆ ಔಷಧಿ ಇಲ್ದಿರೋ ಪ್ಲಸೀಬೋ. 2020ರಲ್ಲಿ ಫಲಿತಾಂಶ ಬಂತು. ಮಾತ್ರೆ ತಗೊಂಡವರ ಗುಂಪಲ್ಲಿ ಮಗು ಹುಟ್ಟಿದ್ದು ಶೇಕಡಾ 34 ದಂಪತಿಗಳಿಗೆ, ಪ್ಲಸೀಬೋ ಗುಂಪಲ್ಲಿ 35. ಜೊತೆಗೆ ಹೊಟ್ಟೆ ತೊಂದರೆ, ವಾಕರಿಕೆ ಎಲ್ಲಾ ಮಾತ್ರೆಯವರಿಗೇ ಜಾಸ್ತಿ. ಆದ್ರೂ ಇವತ್ತಿಗೂ ಗಂಡಸ್ರ ಫರ್ಟಿಲಿಟಿಗೆ ಅಂತ ಡಬ್ಬಿ ಡಬ್ಬಿ ಮಾತ್ರೆ ಮಾರಾಟ ಆಗ್ತಾನೇ ಇದಾವೆ. ಓದಿ ನಂಗೆ ಬೇಜಾರಾಗ್ಲಿಲ್ಲ, ಒಂಥರಾ ಸಮಾಧಾನ ಆಯ್ತು. ಯಾರೋ ಎರಡು ಸಾವಿರದ ಚಿಲ್ಲರೆ ಜನ ತಮ್ಮ ಕಷ್ಟದ ಮಧ್ಯೆ ಕೂತು ಫಾರಂ ತುಂಬಿ, ಮಾತ್ರೆ ನುಂಗಿ, ನಮಗೆ "ಇದು ಬೇಡ" ಅಂತ ತಿಳಿಸಿ ಹೋಗಿದಾರಲ್ಲ ಅನ್ನಿಸ್ತು.

ಇನ್ನು ನಮ್ಮಂಥವರಿಗೆ ಡಾಕ್ಟ್ರು ಮೊದಲು ಹೇಳೋದು ಇಕ್ಸಿ. ಒಂದೇ ಒಂದು ವೀರ್ಯಾಣುನ ಗಾಜಿನ ಸೂಜಿಯಲ್ಲಿ ಎತ್ತಿ ಮೊಟ್ಟೆ ಒಳಗೇ ಬಿಡೋದು. ಬ್ರಸೆಲ್ಸ್‌ನಲ್ಲಿ ಜಿಯಾನ್‌ಪಿಯೆರೋ ಪಲೆರ್ಮೋ ಮತ್ತೆ ಅವರ ತಂಡ 1992ರಲ್ಲಿ ಇದರಿಂದ ಗರ್ಭ ನಿಂತಿದ್ದನ್ನ ವರದಿ ಮಾಡಿದ್ರು. ದೊಡ್ಡ ವಿಷಯ ಅದು, ಇಲ್ಲ ಅನ್ನಲ್ಲ, ಲಕ್ಷಾಂತರ ಅಪ್ಪಂದಿರು ಅದರಿಂದ ಅಪ್ಪಂದಿರಾಗಿದಾರೆ. ಆದ್ರೆ ಅದು ಬಂದ್ಮೇಲೆ ಗಂಡಸಿನ ದೇಹದಲ್ಲಿ ಏನು ಕೆಟ್ಟಿದೆ ಅಂತ ಹುಡುಕೋ ಅರ್ಜೆಂಟೇ ಹೊರಟೋಯ್ತೇನೋ ಅನ್ಸುತ್ತೆ ನಂಗೆ. ಒಂದು ಸಿಕ್ರೆ ಸಾಕಲ್ಲ, ಮತ್ಯಾಕೆ ತಲೆ ಕೆಡಿಸ್ಕೋಬೇಕು. ಕೆಟ್ಟಿರೋದು ನನ್ನಲ್ಲಿ, ರಿಪೇರಿ ನಡೆಯೋದು ಇವಳ ಮೈಮೇಲೆ.

ಇಕ್ಸಿಗೆ ಅಂತ ಇವ್ಳು ಇಂಜೆಕ್ಷನ್ ಚುಚ್ಕೊಳ್ಳೋದನ್ನ ನೀನು ನೋಡಿಲ್ಲ, ಹೇಳ್ತೀನಿ ಕೇಳು. ಪೆನ್ನು ಥರ ಇರುತ್ತೆ, ಹಿಂದೆ ಒಂದು ತಿರುಗಣೆ, ಎಷ್ಟು ಯೂನಿಟ್ಟೋ ಅಷ್ಟಕ್ಕೆ ಟಿಕ್ ಟಿಕ್ ಅಂತ ತಿರುಗಿಸ್ಬೇಕು. ಸೂಜಿ ತುದೀಲಿ ಒಂದು ಹನಿ ಬಂತಾ ನೋಡ್ಕೊಂಡು, ಹೊಕ್ಕಳ ಪಕ್ಕದಲ್ಲಿ ಚರ್ಮ ಹಿಡಿದು ಚುಚ್ಚಿ, ಒತ್ತಿ, ಔಷಧಿ ಪೂರ್ತಿ ಹೋಗೋ ತನಕ ಹಾಗೇ ಹಿಡ್ಕೊಂಡಿರ್ಬೇಕು. ಮಾರನೇ ದಿನ ಇನ್ನೊಂದು ಪಕ್ಕ. ಎರಡೂ ಕಡೆ ಸಣ್ಣ ಸಣ್ಣ ಹಸಿರು ನೀಲಿ ಕಲೆ. ಆಮೇಲೆ ಸ್ಕ್ಯಾನು, ರಕ್ತ, ಅನಸ್ತೇಷಿಯಾ ಕೊಟ್ಟು ಮೊಟ್ಟೆ ತೆಗೆಯೋದು. ನಾನು ಮಾಡಿದ್ದು ಒಂದು ಕೋಣೆಗೆ ಹೋಗಿ ಕಪ್ ತುಂಬಿಸಿ ಬಂದಿದ್ದು.

ಆ ಪೆನ್ನಲ್ಲಿ ಇರೋದೂ ಎಫ್‌ಎಸ್‌ಎಚ್ಚೇ ಕಣೋ! ಹೆಣ್ಣಲ್ಲಿ ಮೊಟ್ಟೆ ಬೆಳೆಸೋ ಅದೇ ಹಾರ್ಮೋನು ಗಂಡಸಿನ ವೃಷಣದಲ್ಲಿ ವೀರ್ಯಾಣು ಪೋಷಿಸೋ ಜೀವಕೋಶಗಳನ್ನ ಎಬ್ಬಿಸುತ್ತೆ. ಒಂದು ವೀರ್ಯಾಣು ತಯಾರಾಗಕ್ಕೆ ಸುಮಾರು 74 ದಿನ ಬೇಕು, ಹಾಗಾಗಿ ತಿಂಗಳುಗಟ್ಟಲೆ ದಿನ ಬಿಟ್ಟು ದಿನ ಚುಚ್ಕೋಬೇಕು. ಇದುವರೆಗೆ ಇದರ ಬಗ್ಗೆ ಆಗಿರೋ ಅಧ್ಯಯನಗಳಲ್ಲಿ ಬಹಳಷ್ಟು ಚಿಕ್ಕವು, ಸ್ವಲ್ಪ ಆಸೆ ಹುಟ್ಟಿಸ್ತಾವೆ, ಆದ್ರೆ ಕೊನೇಗೆ ಮಗು ಮನೆಗೆ ಬಂತಾ ಅನ್ನೋದಕ್ಕೆ ಗಟ್ಟಿ ಉತ್ತರ ಕೊಡಲ್ಲ. ಕೌಂಟ್ ಏರಿದ್ದು ಬೇರೆ, ಮಗು ಹುಟ್ಟಿದ್ದು ಬೇರೆ. ಈ ಟ್ರಯಲ್‌ನಲ್ಲಿ ಮಗು ಹುಟ್ಟಿದ್ದನ್ನೇ ಲೆಕ್ಕ ಹಾಕ್ತಾರೆ, ನಂಗೆ ಹಿಡಿಸಿದ್ದು ಅದೇ.

ಕನ್ಸೆಂಟ್ ಫಾರಂ ಉದ್ದ ಇದೆ. ಯಾವಾಗ ಬೇಕಾದ್ರೂ ಬಿಟ್ಟು ಹೋಗಬಹುದು, ಬಿಟ್ರೆ ಮಾಮೂಲಿ ಟ್ರೀಟ್‌ಮೆಂಟ್‌ಗೆ ಏನೂ ತೊಂದ್ರೆ ಇಲ್ಲ ಅಂತೆಲ್ಲಾ ಇದೆ. ಮಧ್ಯದಲ್ಲಿ ಒಂದು ಸಾಲು, "ಈ ಅಧ್ಯಯನದಿಂದ ನಿಮಗೆ ನೇರವಾದ ಪ್ರಯೋಜನ ಆಗದೇ ಇರಬಹುದು." ಅಲ್ಲಿ ನಿಂತ್ಬಿಟ್ಟೆ. ನಂಗೆ ಔಷಧಿ ಬರುತ್ತೋ ಪ್ಲಸೀಬೋನೋ ಅಂತ ಕಂಪ್ಯೂಟರ್ ಚೀಟಿ ಎತ್ತುತ್ತೆ, ಚುಚ್ಕೊಳ್ಳೋ ನಂಗೂ ಗೊತ್ತಿರಲ್ಲ, ಡಾಕ್ಟ್ರಿಗೂ ಗೊತ್ತಿರಲ್ಲ. ಮಗು ಬೇಕು ಅಂತ ಹಪಹಪಿಸ್ತಿರೋನಿಗೆ ಖಾಲಿ ನೀರಿನ ಇಂಜೆಕ್ಷನ್ ಬಂದ್ರೆ ಅನ್ಯಾಯ ಅಲ್ವಾ ಅಂತ ಅವತ್ತು ರಾತ್ರಿಯೆಲ್ಲಾ ಯೋಚ್ನೆ. ಆಮೇಲೆ ಗರ್ಭಕೋಶದ ಒಳಪದರ ಕೆರೆಯೋ ಸ್ಕ್ರ್ಯಾಚಿಂಗ್ ಕಥೆ ಓದ್ದೆ. 2003ರಲ್ಲಿ ಒಂದು ಸಣ್ಣ ಅಧ್ಯಯನ ಅದರಿಂದ ಒಳ್ಳೇದಾಗುತ್ತೆ ಅಂದಿದ್ದೇ ತಡ, ಊರೂರಲ್ಲಿ ಶುರುವಾಯ್ತು, ಎಷ್ಟೋ ಹೆಣ್ಮಕ್ಳು ಆ ನೋವು ತಿಂದ್ರು. 2019ರಲ್ಲಿ 1,364 ಜನರ ಮೇಲೆ ದೊಡ್ಡ ಟ್ರಯಲ್ ಮುಗೀತು. ಮಗು ಹುಟ್ಟಿದ್ದು ಕೆರೆಸ್ಕೊಂಡವರಲ್ಲೂ ಶೇಕಡಾ 26.1, ಕೆರೆಸ್ಕೊಳ್ಳದವರಲ್ಲೂ 26.1. ಏನೂ ಮಾಡಿಸ್ಕೊಳ್ಳದೇ ಇದ್ದ ಆ ಅರ್ಧ ಜನ ಇರ್ದಿದ್ರೆ ಇದು ಗೊತ್ತೇ ಆಗ್ತಿರ್ಲಿಲ್ಲ. ಪ್ಲಸೀಬೋ ಬಂದ್ರೆ ಬರಲಿ, ಆ ಜಾಗದಲ್ಲೂ ಒಬ್ಬ ಮನುಷ್ಯ ಕೂರ್ಬೇಕಲ್ಲ.

ಇಲ್ಲಿಗೆ ನಿಲ್ಲಿಸ್ಬೇಕು ಅಂತಿದ್ದೆ, ಕೈ ನಿಲ್ತಿಲ್ಲ. ಡಾಕ್ಟ್ರು "ಒಂದು ಒಳ್ಳೇ ಸ್ಪರ್ಮ್ ಸಿಕ್ರೆ ಸಾಕು" ಅಂದಾಗ ನಂಗೆ ಮೊದಲು ಆಗಿದ್ದು ಖುಷಿ ಕಣೋ, ಬಚಾವಾದೆ ಅನ್ನೋ ಖುಷಿ, ಇನ್ಮೇಲೆ ಯಾರೂ ನನ್ನ ಏನೂ ಕೇಳಲ್ಲ ಅನ್ನೋದು. ಪಕ್ಕದಲ್ಲಿ ಇವ್ಳು ಇಂಜೆಕ್ಷನ್ ದಿನಗಳ ಚಾರ್ಟ್ ಮಡಚಿ ಬ್ಯಾಗಿಗೆ ಹಾಕ್ಕೋತಿದ್ಳು. ಇನ್ನೊಂದು. ನಂಗೆ ಗಂಡು ಮಗು ಆದ್ರೆ ಅಂತ ಹೆದರಿಕೆ. 2016ರಲ್ಲಿ ಅದೇ ಬ್ರಸೆಲ್ಸ್‌ನವರು, ಇಕ್ಸಿಯಿಂದ ಹುಟ್ಟಿ ದೊಡ್ಡವರಾದ 54 ಹುಡುಗ್ರನ್ನ ಪರೀಕ್ಷೆ ಮಾಡಿದ್ರು. 18ರಿಂದ 22 ವಯಸ್ಸು. ಸಹಜವಾಗಿ ಹುಟ್ಟಿದ ಅದೇ ವಯಸ್ಸಿನವರಿಗೆ ಹೋಲಿಸಿದ್ರೆ ಇವರ ಸ್ಪರ್ಮ್ ಸಾಂದ್ರತೆ ಹೆಚ್ಚುಕಮ್ಮಿ ಅರ್ಧ. ಅಪ್ಪನ ಕೌಂಟ್ ನೋಡಿ ಮಗಂದು ಹೇಳಕ್ಕಾಗಲ್ಲ ಅಂತಾನೂ ಅವರೇ ಹೇಳಿದಾರೆ, ಹುಡುಗ್ರು ಕಮ್ಮಿ ಜನ ಅನ್ನೋದೂ ನಿಜ. ಆದ್ರೆ ನಂಗೆ ಕಣ್ಣಿಗೆ ಕಟ್ಟೋದು ಅದೇ, ಇಪ್ಪತ್ತೈದು ಮೂವತ್ತು ವರ್ಷ ಆದ್ಮೇಲೆ ನನ್ನ ಮಗ ಇದೇ ರಿಪೋರ್ಟ್ ಕೈಲಿ ಹಿಡ್ಕೊಂಡು ಕೂತಿರೋದು, ಅವನ ಹೆಂಡತಿ ಹೊಟ್ಟೆ ಮೇಲೆ ಅದೇ ಕಲೆಗಳು. ಅಷ್ಟೊತ್ತಿಗಾದ್ರೂ ಗಂಡಸಿಗೇ ಕೊಡೋ ಔಷಧಿ ಒಂದು ಇರ್ಬೇಕು ಅಂದ್ರೆ ಈಗ ಯಾರಾದ್ರೂ ಚುಚ್ಚಿಸ್ಕೋಬೇಕು. ಇದನ್ನ ಇವ್ಳಿಗೂ ಹೇಳಿರ್ಲಿಲ್ಲ, ಇಲ್ಲೇ ಓದ್ತಾಳೆ ಈಗ.

ಸಾಕು ಬಿಡು, ಜಾಸ್ತಿ ಆಯ್ತು. ಇವ್ಳು ಆಗ್ಲೇ ಟೀಚರ್ ಆಗಿದಾಳೆ, ಪೆನ್ ಹೆಂಗೆ ಹಿಡೀಬೇಕು, ಎಷ್ಟು ಚರ್ಮ ಎಳೀಬೇಕು, ಎಲ್ಲಾ ಕ್ಲಾಸು. ನೀನು ಈ ಕಡೆ ಬಂದ್ರೆ ಕ್ಯಾಪ್ಟನ್‌ನೂ ಕರ್ಕೊಂಡ್ ಬಾ, ಅವನ ಎದುರಿಗೇ ಚುಚ್ಕೊಂಡು ತೋರಿಸ್ತೀನಿ, ಅವನು ತಡ್ಕೊಂಡ್ರೆ ನಾನು ಆ ಬೆಟ್ ಸೋತೆ ಅಂತ ಒಪ್ಕೋತೀನಿ. ಮತ್ತೆ ನಿನ್ನ ತಮ್ಮನ ಹೆಂಡತೀನ ಟೆಸ್ಟು ಟೆಸ್ಟು ಅಂತ ಓಡಾಡಿಸ್ತಿದಾರೆ ಅಂದ್ಯಲ್ಲ, ಮೊದ್ಲು ಅವನದೊಂದು ಸೀಮೆನ್ ಅನಾಲಿಸಿಸ್ ಮಾಡಿಸು. ಬೇಗ ಆಗುತ್ತೆ, ನೋವೂ ಇಲ್ಲ. ಅವನು ಒಪ್ಲಿಲ್ಲ ಅಂದ್ರೆ ನನ್ನ ನಂಬರ್ ಕೊಡು, ನಾನು ಮಾತಾಡ್ತೀನಿ.

ನಿನ್ನವನು