ಕೂರಲಾಗದ ಪಡಸಾಲೆ

ಮಾನ್ಯ ಸಂಪಾದಕರೇ,

ನಿಮ್ಮ ವಾರದ ಪುರವಣಿಯಲ್ಲಿ ಬರುವ ಮನೆ ಅಲಂಕಾರದ ಪುಟವನ್ನು ಈಚೆಗೆ ತಪ್ಪದೆ ನೋಡುತ್ತಿದ್ದೇನೆ. ನವನಗರದಲ್ಲಿ ನಾವೂ ಒಂದು ಮನೆ ಕೊಂಡಿದ್ದೇವೆ, ಅದಕ್ಕೆ. ಪ್ರತಿ ಚಿತ್ರದಲ್ಲೂ ಅದೇ ಬಿಳಿ ಸೋಫಾ, ಅದೇ ಗಾಜಿನ ಟೀಪಾಯಿ, ಗೋಡೆಗೆ ಬುದ್ಧನ ಮುಖ ಇಲ್ಲವೇ ಓಡುವ ಏಳು ಕುದುರೆ. ಮನುಷ್ಯರು ಮಾತ್ರ ಒಂದರಲ್ಲೂ ಇಲ್ಲ. ನಲ್ಲಿ ನೀರಿಗೆ ದಿನ ಎಣಿಸುವ ಹುಬ್ಬಳ್ಳಿಯಲ್ಲಿ, ಗಾಳಿ ಎದ್ದರೆ ಕಿಟಕಿಯ ಹಲಗೆಯ ಮೇಲೆ ಬೆರಳಿನಲ್ಲಿ ಹೆಸರು ಬರೆಯುವಷ್ಟು ದೂಳು ಕೂರುವಲ್ಲಿ, ಬಿಳಿ ಸೋಫಾ ತೊಳೆಯುವವರು ಯಾರು?

ಒಳಾಂಗಣ ವಿನ್ಯಾಸದ ಹುಡುಗನೊಬ್ಬ ನಮ್ಮಲ್ಲಿಗೂ ಬಂದಿದ್ದ. ಹುಡುಗ ಒಳ್ಳೆಯವನೇ, ಕೊಟ್ಟ ಚಹಾ ಬೇಡ ಎನ್ನಲಿಲ್ಲ. ಆದರೆ ಅವನು ತೋರಿಸಿದ ಚಿತ್ರದಲ್ಲಿ ನಮ್ಮ ಪಡಸಾಲೆಯ ಗುರುತೇ ನನಗೆ ಹತ್ತಲಿಲ್ಲ. ಇದ್ದ ಚಾವಣಿಯ ಕೆಳಗೆ ಪಿಒಪಿಯ ಇನ್ನೊಂದು ಚಾವಣಿ, ಅದರ ಸಂದಿಯಲ್ಲಿ ನೀಲಿ ದೀಪ. ಗಾಳಿ ಬರುವ ಕಿಟಕಿಯನ್ನು ಅರ್ಧ ಮುಚ್ಚಿ ಟಿವಿಗೆ ಪ್ಲೈವುಡ್ ಗೋಡೆ. ನಡುವೆ ಎಲ್ ಆಕಾರದ ಸೋಫಾ. “ಕುಬಸ ಮಾಡಿದರೆ ಹೆಣ್ಣುಮಕ್ಕಳು ಎಲ್ಲಿ ಕೂರಬೇಕಪ್ಪಾ?” ಎಂದು ಕೇಳಿದೆ. ಸೀಮಂತಕ್ಕೆ ನಮ್ಮ ಕಡೆ ಕುಬಸ ಎನ್ನುತ್ತೇವೆ. “ಅದಕ್ಕೆಲ್ಲ ಈಗ ಮಂಟಪ ಹಿಡಿಯುತ್ತಾರೆ ಆಂಟಿ” ಎಂದ. ಅವನ ಪ್ಯಾಕೇಜು ನಮಗೆ ಬೇಡವೆಂದೆವು.

ಕುಬಸಕ್ಕೆ, ಉಡಿ ತುಂಬುವುದಕ್ಕೆ, ಕನ್ಯೆ ನೋಡುವುದಕ್ಕೆ, ಶ್ರಾವಣದ ಪುರಾಣಕ್ಕೆ ನಮ್ಮ ಕಡೆ ಜನ ಕೂರುವುದು ನೆಲದ ಮೇಲೆಯೇ. ಸೋಫಾದ ಮೇಲೆ ಐದು ಜನ ಹಿಡಿಯುವ ಜಾಗದಲ್ಲಿ ಜಮಖಾನೆ ಹಾಸಿದರೆ ಹದಿನೈದು ಜನ ಆರಾಮವಾಗಿ ಕೂರುತ್ತಾರೆ. ಹಸುಗೂಸನ್ನು ಮಲಗಿಸಲು ಒಂದು ಮೂಲೆಯೂ ಉಳಿಯುತ್ತದೆ.

ಜಮಖಾನೆಗೆಂದೇ ನಮ್ಮ ಧಾರವಾಡ ಜಿಲ್ಲೆಯ ನವಲಗುಂದಕ್ಕೆ ಹೋದೆ. ಅಲ್ಲಿ ನೇಯುವವರು ಹೆಣ್ಣುಮಕ್ಕಳು. ನಿಲುವು ಮಗ್ಗದ ಮುಂದೆ ಕುಳಿತು, ಬಣ್ಣದ ಹತ್ತಿ ನೂಲನ್ನು ಕೈಯಿಂದಲೇ ತೂರಿಸಿ, ಕಬ್ಬಿಣದ ಹಲ್ಲುಗಳ ಪಂಜಾದಿಂದ ಕುಟ್ಟಿ ಕುಟ್ಟಿ ಕೂರಿಸುತ್ತಾರೆ. ಆ ಬಿಗಿಯೇ ಅದರ ಆಯುಷ್ಯ. ನವಿಲಿನದು ಚೆಂದವಿತ್ತು, ನಾನು ಆರಿಸಿದ್ದು ನಡುವೆ ಪಗಡೆ ಹಾಸು ನೇಯ್ದದ್ದನ್ನು. ಎರಡೂ ಮಗ್ಗುಲು ಬಳಕೆಗೆ ಬರುತ್ತದೆ. ಒಂದು ಕಡೆ ಚಹಾ ಚೆಲ್ಲಿದರೆ ಮಗುಚಿ ಹಾಸಿದರಾಯಿತು. ವಿಜಯಪುರದಿಂದ ಬಂದ ನೇಕಾರರ ಕಸುಬು ಇದು ಎನ್ನುತ್ತಾರೆ, ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಮಾನ್ಯತೆ ಇದ್ದರೇನು, ಉಳಿದಿರುವ ಮಗ್ಗಗಳು ಕೆಲವೇ ಕೆಲವು. ನಾನು ವಿಚಾರಿಸಿದ ಹುಬ್ಬಳ್ಳಿಯ ಅಂಗಡಿಯಲ್ಲಿ ಜಮಖಾನೆ ಕೇಳಿದರೆ ಪಾಲಿಯೆಸ್ಟರ್ ಕಾರ್ಪೆಟ್ ಬಿಚ್ಚಿ ಹಾಕಿದರು.

ಗೋಡೆಗೆ ಅಜ್ಜಿಯ ಚಂದ್ರಕಾಳಿ, ಅಂದರೆ ಕಪ್ಪು ಸೀರೆಯ ಸೆರಗು. ಒಡಲು ಜೀರ್ಣವಾಗಿತ್ತು, ಕಸೂತಿ ಗಟ್ಟಿಯಾಗಿಯೇ ಇತ್ತು: ಗೋಪುರ, ತೇರು, ತುಳಸಿ ಕಟ್ಟೆ, ಆನೆ. ಗವಂತಿ, ಮುರಗಿ ಹೊಲಿಗೆಗಳಲ್ಲಿ ಗಂಟು ಹಾಕುವುದಿಲ್ಲ, ಹಿಂದೂ ಮುಂದೂ ಒಂದೇ ಸಮ. ಅದಕ್ಕೇ ಎರಡು ಗಾಜುಗಳ ನಡುವೆ ಇಡಿಸಿದೆ. ಹಿಂದಿನ ಗಾಜು ದಂಡ, ಗೋಡೆಗೆ ತೂಗಿದ ಮೇಲೆ ಯಾರು ನೋಡುತ್ತಾರೆ ಎಂದ ಚೌಕಟ್ಟು ಹಾಕುವವನು. ಬಂದವರಿಗೆಲ್ಲ ಇಳಿಸಿ, ತಿರುಗಿಸಿ ತೋರಿಸುವ ಚಟ ನನಗಿದೆ ಎಂದು ಅವನಿಗೇನು ಗೊತ್ತು! ಬಣ್ಣ ಮಾಸಬಾರದೆಂದು ಬಿಸಿಲು ಬೀಳದ ಗೋಡೆಯನ್ನೇ ಆರಿಸಿದ್ದೇವೆ.

ಚಿತ್ರವೇ ಬೇಕೆನ್ನುವವರಿಗೂ ಬರವಿಲ್ಲ. ಡಿ.ವಿ. ಹಾಲಭಾವಿ ಧಾರವಾಡದಲ್ಲಿ, ಟಿ.ಪಿ. ಅಕ್ಕಿ ಗದಗದಲ್ಲಿ ಕಲಾಶಾಲೆ ಕಟ್ಟಿ ಕಲಾವಿದರನ್ನು ಬೆಳೆಸಿದ ಸೀಮೆ ಇದು. ಇಲ್ಲಿ ಕುಳಿತು ಆ ಏಳು ಕುದುರೆಗಳನ್ನು ಆನ್‌ಲೈನಿನಲ್ಲಿ ತರಿಸಬೇಕೆ?

ಪುರವಣಿಯವರಲ್ಲಿ ನನ್ನ ವಿನಂತಿ ಇಷ್ಟೇ. ಚಿತ್ರದ ಜೊತೆ ಕೋಣೆಯ ಅಳತೆ, ತಗಲಿದ ಖರ್ಚು, ಬಡಿಗನ ಕೂಲಿ ಇವನ್ನೂ ಅಚ್ಚು ಮಾಡಿ. ನವಲಗುಂದದಲ್ಲಿ ಜಮಖಾನೆ ಎಲ್ಲಿ ಸಿಗುತ್ತದೆ, ಹೇಳಿ ಮಾಡಿಸಿದರೆ ಎಷ್ಟು ದಿನ ಹಿಡಿಯುತ್ತದೆ ಎಂದು ನಿಮ್ಮ ವರದಿಗಾರರು ವಿಚಾರಿಸಿ ಬರೆದರೆ, ವಿಜಯಪುರದ ಬಸ್ಸಿನಲ್ಲಿ ಆ ಊರನ್ನು ದಾಟಿ ಹೋಗುವವರಲ್ಲಿ ನಾಲ್ಕು ಜನವಾದರೂ ಇಳಿದಾರು. ಮತ್ತು ಫೋಟೊ ತೆಗೆಯುವಾಗ ದಯವಿಟ್ಟು ಮನೆಯವರನ್ನು ಹೊರಗೆ ಕಳಿಸಬೇಡಿ.

— ನಿವೃತ್ತ ಅಂಚೆ ಸಿಬ್ಬಂದಿ, ನವನಗರ, ಹುಬ್ಬಳ್ಳಿ