ಹೆರಿಗೆ ಕೋಣೆಯ ಗೋಡೆಗೆ ಅಂಟಿಸುವ ಒಂದು ಹಾಳೆ, ಅದಕ್ಕೆ ಕಾರಣರಾದವರು

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಹೆರಿಗೆ ಕೋಣೆಗಳಿಗಾಗಿ ಸಿದ್ಧಪಡಿಸಿದ ಕನ್ನಡದ ಸೂಚನಾ ಹಾಳೆ ಕೊನೆಗೂ ಅಚ್ಚಾಗಿದೆ. ಆಪರೇಷನ್ ಬೇಕಾಗುವಂಥ ತೊಂದರೆಯೊಂದಿಗೆ ಹುಟ್ಟುವ ಕೂಸಿಗೆ ಮೊದಲ ಒಂದು ಗಂಟೆ ಏನು ಮಾಡಬೇಕು, ಏನು ಮಾಡಬಾರದು ಎಂಬುದಷ್ಟೇ ಅದರಲ್ಲಿದೆ. ಕೈಜೋಡಿಸಿದವರು ಬಹಳ ಮಂದಿ. ಆದರೂ ಮೊದಲ ನಮಸ್ಕಾರ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸರ್ಜನ್ ಆಗಿದ್ದ ಡಾ. ಮೈಕೆಲ್ ಹ್ಯಾರಿಸನ್ ಅವರಿಗೆ. ತಾಯಿಯ ಗರ್ಭಕೋಶ ತೆರೆದು ಒಳಗಿನ ಮಗುವಿಗೆ ಆಪರೇಷನ್ ಮಾಡುವ ವಿದ್ಯೆಯ ಪಿತಾಮಹ ಎಂದು ಅವರನ್ನು ಕರೆಯುತ್ತಾರೆ. ಅಂಥ ಆಪರೇಷನ್ ತಾಲ್ಲೂಕು ಆಸ್ಪತ್ರೆಯ ಕೆಲಸವಲ್ಲ, ನಿಜ. ನಮಗೆ ದಕ್ಕಿದ್ದು ಆ ಹಾದಿಯಲ್ಲಿ ಅವರು ಕಲಿತ ಉಳಿದ ಸಂಗತಿಗಳು. ಅದರಲ್ಲೂ ಸೋತು ಕಲಿತವೇ ಹೆಚ್ಚು ಉಪಯೋಗಕ್ಕೆ ಬಂದಿವೆ.

ಅವರ ಕೆಲಸ ಶುರುವಾದದ್ದು ಕುರಿಗಳಿಂದ. ಯಾಕೆ ಕುರಿ ಎಂದು ಚಳ್ಳಕೆರೆ ಕಡೆಯ ಕುರಿಗಾರರಿಗೆ ಬಿಡಿಸಿ ಹೇಳಬೇಕಿಲ್ಲ. ಐದು ತಿಂಗಳಿಗೆ ಈಯುತ್ತದೆ, ಹೊಟ್ಟೆಯಲ್ಲಿ ಒಂದೋ ಎರಡೋ ಮರಿ, ಮರಿಯ ಗಾತ್ರವೂ ಕೈಗೆ ಸಿಗುವಷ್ಟು. ಗರ್ಭಕೋಶ ಕೊಯ್ದು ಹೊಲಿದರೂ ಕುರಿ ಸುಲಭಕ್ಕೆ ಕಂದು ಹಾಕುವುದಿಲ್ಲ. ಹ್ಯಾರಿಸನ್ ತಂಡ ಗರ್ಭದಲ್ಲಿದ್ದ ಮರಿಯ ಎದೆಗೂಡಿನೊಳಗೆ ಬಲೂನ್ ಇಟ್ಟು ಉಬ್ಬಿಸಿತು. ಎದೆ, ಹೊಟ್ಟೆಗಳ ನಡುವಿನ ಪರದೆಯಾದ ವಪೆಯಲ್ಲಿ ತೂತಿದ್ದು ಕರುಳು ಎದೆಗೆ ಏರಿದರೆ ಶ್ವಾಸಕೋಶ ಹೇಗೆ ಕುಗ್ಗುತ್ತದೋ ಇಲ್ಲೂ ಹಾಗೇ ಕುಗ್ಗಿತು, ಹುಟ್ಟಿದ ಮರಿ ಉಸಿರಾಡಲಾರದೆ ಸತ್ತಿತು. ಹುಟ್ಟುವ ಮೊದಲೇ ಬಲೂನಿನ ಗಾಳಿ ಇಳಿಸಿದ ಮರಿಗಳಲ್ಲಿ ಶ್ವಾಸಕೋಶ ಮತ್ತೆ ಬೆಳೆಯಿತು. 1980ರಲ್ಲಿ ಪ್ರಕಟವಾದ ಈ ಪ್ರಯೋಗವೇ ಮುಂದಿನದಕ್ಕೆಲ್ಲ ತಳಹದಿ. ಕುರಿಯಲ್ಲಿ ಗೆದ್ದಿತೆಂದು ಅವರು ನೇರ ಮನುಷ್ಯರ ಮೇಲೆ ಕೈಯಿಡಲಿಲ್ಲ. ಮನುಷ್ಯರಂತೆಯೇ ಗರ್ಭಕೋಶ ಬೇಗ ಬಿಗಿಯುವ ಕೋತಿಗಳಲ್ಲಿ ಪರೀಕ್ಷಿಸಿದರು: ತಾಯಿ ಬದುಕುತ್ತಾಳೆಯೇ, ಮುಂದೆ ಬಸುರಾಗುತ್ತಾಳೆಯೇ? ಗರ್ಭಕೋಶದ ಅಂಚಿನಿಂದ ರಕ್ತ ಸೋರದಂತೆ ಹಾಕುವ ಪಿನ್ನುಗಳು ತಾನಾಗಿ ಕರಗುವ ವಸ್ತುವಿನವೇ ಆಗಬೇಕು ಎಂಬ ತೀರ್ಮಾನ ಬಂದದ್ದು ಇಂಥ ಪರೀಕ್ಷೆಗಳಿಂದ.

1981ರಲ್ಲಿ ಮೊದಲ ಬಾರಿಗೆ ಮನುಷ್ಯರಲ್ಲಿ ಗರ್ಭಕೋಶ ತೆರೆದು ಇಂಥ ಆಪರೇಷನ್ ಮಾಡಿದರು. ಮೂತ್ರ ಹೊರಹೋಗಲು ದಾರಿ ಕಟ್ಟಿಕೊಂಡಿದ್ದ ಮಗು ಅದು. ಹುಟ್ಟಿದ ಮೇಲೆ ಉಳಿಯಲಿಲ್ಲ, ಶ್ವಾಸಕೋಶ ಬೆಳೆದಿರಲಿಲ್ಲ. ಮೂತ್ರಕ್ಕೂ ಶ್ವಾಸಕ್ಕೂ ಏನು ಸಂಬಂಧ ಎಂದು ಈಗಲೂ ಮನೆಯವರು ಕೇಳುತ್ತಾರೆ. ಐದನೇ ತಿಂಗಳ ಹೊತ್ತಿಗೆ ಮಗುವಿನ ಸುತ್ತಲಿನ ನೀರಿನಲ್ಲಿ ಹೆಚ್ಚಿನ ಪಾಲು ಮಗುವಿನ ಮೂತ್ರವೇ. ಆ ನೀರು ಬತ್ತಿದರೆ ಶ್ವಾಸಕೋಶ ಅರಳುವುದಿಲ್ಲ. ಹಾಗಾಗಿ ಹ್ಯಾರಿಸನ್ ಬಳಗ ಯಾರಿಗೆ ಕೈ ಹಚ್ಚಬೇಕು, ಯಾರಿಗೆ ಬಾರದು ಎಂಬುದನ್ನು ಅಳೆಯಲು ಹೊರಟಿತು. ಸೂಜಿಯಿಂದ ತೆಗೆದ ಮಗುವಿನ ಮೂತ್ರದಲ್ಲಿ ಸೋಡಿಯಂ 100ಕ್ಕಿಂತ, ಕ್ಲೋರೈಡ್ 90ಕ್ಕಿಂತ ಕಡಿಮೆಯಿದ್ದರೆ ಕಿಡ್ನಿಯಲ್ಲಿ ಇನ್ನೂ ಸತ್ವವಿದೆ. ಹೆಚ್ಚಿದ್ದರೆ ದಾರಿ ಬಿಡಿಸಿದರೂ ಲಾಭ ಕಡಿಮೆ.

ನಮ್ಮ ಹಾಳೆಯ ಮೊದಲ ಭಾಗಕ್ಕೆ ಬೇರು ಇಲ್ಲಿದೆ. ಗರ್ಭದಲ್ಲೇ ಎರಡೂ ಕಿಡ್ನಿ ಊದಿ ಮೂತ್ರಕೋಶ ದಪ್ಪಗಾಗಿದ್ದ ಕೂಸು ಹುಟ್ಟಿ, ಮೂತ್ರ ಸರಿಯಾಗಿ ಬಾರದಿದ್ದರೆ 5 ಅಥವಾ 6 ನಂಬರಿನ ಫೀಡಿಂಗ್ ಟ್ಯೂಬನ್ನೇ ಮೂತ್ರದ್ವಾರಕ್ಕೆ ಹಾಕಿ. ತುದಿಯಲ್ಲಿ ಬಲೂನ್ ಇರುವ ಫೋಲಿ ಟ್ಯೂಬ್ ಬೇಡ, ಬಲೂನ್ ತಾಗಿ ಮೂತ್ರಕೋಶ ಬಿಗಿದುಕೊಂಡು ಕಿಡ್ನಿಯಿಂದ ಬರುವ ದಾರಿಯೇ ಮುಚ್ಚಬಹುದು. ಕಟ್ಟು ಬಿಟ್ಟ ಮೇಲೆ ಮೂತ್ರ ಧಾರಾಳ ಹೋಗಿ ಕೂಸು ಒಣಗುವುದುಂಟು. ಗಂಟೆಗೊಮ್ಮೆ ಅಳೆದು ಅದಕ್ಕೆ ತಕ್ಕಂತೆ ಡ್ರಿಪ್ ಹೆಚ್ಚಿಸಿ. ಕಿಡ್ನಿಯ ಸ್ಥಿತಿ ತಿಳಿಸುವ ರಕ್ತದ ಕ್ರಿಯಾಟಿನಿನ್ ಮೊದಲ ದಿನ ತಾಯಿಯದೇ ಲೆಕ್ಕ, ಅದನ್ನು ನೋಡಿ ನೆಮ್ಮದಿಯಾಗಬೇಡಿ. ಮೊದಲ ದಿನದ ಸ್ಕ್ಯಾನ್‌ನಲ್ಲಿ ಊತ ಕಡಿಮೆ ಕಂಡರೂ ಅಷ್ಟೇ. ಸ್ಕ್ಯಾನಿಂಗ್ ಸೆಂಟರುಗಳ ವೈದ್ಯರಿಗೂ ಇಲ್ಲಿ ವಿಶೇಷ ವಂದನೆ ಸಲ್ಲಬೇಕು. ಮೂತ್ರ ಹೊರಹೋಗುವ ದಾರಿಗೆ ಕವಾಟದಂಥ ಪೊರೆ ಅಡ್ಡ ಬರುವ ಈ ಕಾಯಿಲೆ ಗಂಡುಮಕ್ಕಳಿಗೆ ಮಾತ್ರ ಬರುವಂಥದ್ದು, ರಿಪೋರ್ಟಿನಲ್ಲಿ ಕಾಯಿಲೆಯ ಹೆಸರು ಬರೆದರೆ ಲಿಂಗ ಹೇಳಿದಂತೆಯೇ. ‘ಮೂತ್ರಕೋಶದ ಕೆಳಗೆ ಅಡಚಣೆ’ ಎಂದಷ್ಟೇ ಬರೆದು, ಕಾನೂನನ್ನೂ ಮಗುವನ್ನೂ ಒಟ್ಟಿಗೆ ಕಾಯುವ ಅವರ ಜಾಣ್ಮೆ ಸಣ್ಣದಲ್ಲ.

ವಪೆಯ ತೂತಿನ ಕಥೆ ಇನ್ನೂ ಉದ್ದ. ಗರ್ಭದಲ್ಲೇ ತೂತು ಮುಚ್ಚಿ ಮಗು ಉಳಿದ ಮೊದಲ ವರದಿ 1990ರಲ್ಲಿ ಬಂತು. ಆದರೆ ಲಿವರ್ ಕೂಡ ಎದೆಗೆ ಏರಿದ್ದರೆ, ಅದನ್ನು ಕೆಳಗಿಳಿಸುವಾಗ ಹೊಕ್ಕುಳ ಬಳ್ಳಿಯ ರಕ್ತನಾಳ ಮಡಚಿಕೊಂಡು ಮಗು ಅಲ್ಲೇ ಹೋಗುತ್ತಿತ್ತು. ಲಿವರ್ ಕೆಳಗೇ ಇದ್ದ ಮಕ್ಕಳಿಗೆ ಹುಟ್ಟಿದ ಮೇಲೆ ಮಾಡಿದರೂ ಫಲ ಒಂದೇ. ಅಂದರೆ ಆಪರೇಷನ್ ಬೇಕಾದವರಿಗೆ ಮಾಡಲಾಗದು, ಮಾಡಬಹುದಾದವರಿಗೆ ಬೇಕಿಲ್ಲ. ಆಗ ಹಾದಿ ಬದಲಿಸಿ, ಶ್ವಾಸನಾಳವನ್ನೇ ಕೆಲಕಾಲ ಮುಚ್ಚಿದರೆ ಒಳಗೆ ಸ್ರವಿಸುವ ನೀರು ನಿಂತು ಶ್ವಾಸಕೋಶವನ್ನು ಹಿಗ್ಗಿಸುತ್ತದೆ ಎಂಬ ಉಪಾಯ ಹೂಡಿದರು. ಅದನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಪರೀಕ್ಷಿಸಿದರು. 24 ಬಸುರಿಯರು ಸೇರುತ್ತಲೇ ಅಧ್ಯಯನ ನಿಂತಿತು: ಮುಚ್ಚಿದವರಲ್ಲಿ 11ಕ್ಕೆ 8, ಮುಚ್ಚದವರಲ್ಲಿ 13ಕ್ಕೆ 10 ಮಕ್ಕಳು ಉಳಿದಿದ್ದವು. ಮುಚ್ಚಿದವರಿಗೆ ಸರಾಸರಿ 31 ವಾರಕ್ಕೂ ಮೊದಲೇ ಹೆರಿಗೆಯಾಗಿತ್ತು. ತಾನೇ ಹುಟ್ಟುಹಾಕಿದ ಉಪಾಯ ಗೆಲ್ಲಲಿಲ್ಲ ಎಂದು 2003ರಲ್ಲಿ ತಾನೇ ಅಚ್ಚು ಹಾಕಿಸಿದ ಸರ್ಜನ್ ಎಂಬ ಕಾರಣಕ್ಕೇ ನಮಗೆ ಹ್ಯಾರಿಸನ್ ದೊಡ್ಡವರು. ಆ ಉಪಾಯ ಅಲ್ಲಿಗೇ ಸಾಯಲಿಲ್ಲ. ಬೆಲ್ಜಿಯಂನ ಯಾನ್ ಡೆಪ್ರೆಸ್ಟ್ ತಂಡ ಸಣ್ಣ ದುರ್ಬೀನಿನ ಮೂಲಕ ಬಲೂನ್ ಇಟ್ಟು, 34ನೇ ವಾರದಲ್ಲಿ ತೆಗೆಯುವ ಕ್ರಮ ರೂಢಿಸಿತು. 2021ರ ಫಲಿತಾಂಶದಲ್ಲಿ ತೀವ್ರ ತೊಂದರೆಯಿದ್ದ ಮಕ್ಕಳಲ್ಲಿ ನೂರಕ್ಕೆ 15 ಉಳಿಯುತ್ತಿದ್ದದ್ದು 40ಕ್ಕೆ ಏರಿತ್ತು. ಮಧ್ಯಮ ತೊಂದರೆಯವರಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ಬಲೂನ್ ತೆಗೆಯುವ ಮೊದಲೇ ಊರಲ್ಲಿ ನೋವು ಬಂದರೆ ಕೂಸಿಗೆ ಉಸಿರಿನ ದಾರಿಯೇ ಇರದು. ಹಾಗಾಗಿ ಇಂಥ ಚಿಕಿತ್ಸೆಗೆ ದೂರದ ಊರಿಗೆ ಹೋಗುವವರು ಬಲೂನ್ ತೆಗೆಯುವವರೆಗೂ ಆ ಆಸ್ಪತ್ರೆಯ ಹತ್ತಿರವೇ ಮನೆ ಮಾಡಬೇಕು.

ವಪೆಯಲ್ಲಿ ತೂತಿದ್ದೂ ಗರ್ಭದಲ್ಲಿ ಚಿಕಿತ್ಸೆಯಾಗದ ಕೂಸು ನಮ್ಮಲ್ಲಿ ಹುಟ್ಟಿದರೆ? ಹೊಟ್ಟೆ ಒಳಗೆ ಬಿದ್ದು ಎದೆ ಉಬ್ಬಿದೆ, ಮೈ ನೀಲಿಯಾಗಿದೆ, ಹೃದಯದ ಬಡಿತ ಬಲಗಡೆ ಕೇಳುತ್ತಿದೆ ಎಂದರೆ ಮಾಸ್ಕ್ ಇಟ್ಟು ಗಾಳಿ ತುಂಬುವ ಆಂಬು ಬ್ಯಾಗ್ ಒತ್ತಬೇಡಿ. ಒತ್ತಿದ ಗಾಳಿ ಜಠರ, ಕರುಳಿಗೆ ಹೋಗುತ್ತದೆ, ಅವು ಇರುವುದೇ ಎದೆಯಲ್ಲಿ. ಇಂಟ್ಯುಬೇಟ್ ಮಾಡಬಲ್ಲವರು, ಅಂದರೆ ಶ್ವಾಸನಾಳಕ್ಕೇ ಟ್ಯೂಬ್ ಹಾಕಬಲ್ಲವರು, ತಕ್ಷಣ ಮಾಡಲಿ. ಬಾಯಿಯಿಂದ ಜಠರಕ್ಕೆ 8 ಅಥವಾ 10 ನಂಬರಿನ ಟ್ಯೂಬ್ ಇಳಿಸಿ, ತುದಿ ತೆರೆದಿಟ್ಟು ಒಳಗಿನ ಗಾಳಿಯನ್ನು ಆಗಾಗ ಎಳೆದು ತೆಗೆಯಿರಿ. ಕೂಸು ಉಸಿರಾಡುತ್ತಲೇ ಇಲ್ಲ, ಇಂಟ್ಯುಬೇಟ್ ಮಾಡಲು ಬರುವವರೂ ಇಲ್ಲ ಎಂದಾಗ ಮಾತ್ರ, ಜಠರದ ಟ್ಯೂಬ್ ತೆರೆದಿಟ್ಟುಕೊಂಡು ಮೆಲ್ಲಗೆ ಮಾಸ್ಕ್. ರಕ್ತದ ಆಮ್ಲಜನಕದ ಮಟ್ಟ (ಸ್ಯಾಚುರೇಷನ್) ಬಲಗೈಯಲ್ಲೇ ನೋಡಿ. 80ರಿಂದ 95 ಸಾಕು. 100 ಮಾಡಲು ಹೋಗಿ ಗಾಳಿಯ ಒತ್ತಡ 25 ದಾಟಿಸಿದರೆ ಇರುವಷ್ಟು ಶ್ವಾಸಕೋಶವೂ ಹರಿಯುತ್ತದೆ. ಆಪರೇಷನ್‌ಗೆ ಅವಸರವಿಲ್ಲ, ಕೂಸು ಸುಧಾರಿಸಿದ ಮೇಲೆ ಮಾಡಬೇಕಾದದ್ದು ಅದು. ರಾತ್ರೋರಾತ್ರಿ ಓಡಿಸಬೇಡಿ, ಸ್ಥಿರಗೊಳಿಸಿ ಕಳಿಸಿ ಎಂಬ ಸಾಲನ್ನು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಹಾಕಿಸಿದ್ದೇವೆ.

ಬೆನ್ನುಹುರಿ ತೆರೆದುಕೊಂಡ ಮಕ್ಕಳ ವಿಷಯದಲ್ಲಿ ವಂದನೆ ಹ್ಯಾರಿಸನ್ ಬಳಿ ಪಳಗಿ ಫಿಲಡೆಲ್ಫಿಯಾಗೆ ಹೋದ ಸ್ಕಾಟ್ ಆಡ್ಜಿಕ್ ಅವರಿಗೂ, ಅವರ ಜತೆಗಾರರಿಗೂ. 26 ವಾರದೊಳಗೆ ಗರ್ಭದಲ್ಲೇ ಮುಚ್ಚಿದರೆ ತಲೆಯ ನೀರು ಇಳಿಸುವ ಕೊಳವೆ (ಶಂಟ್) ಬೇಕಾಗುವವರು ನೂರಕ್ಕೆ 82ರಿಂದ 40ಕ್ಕೆ ಇಳಿಯುತ್ತಾರೆ, ಆಸರೆಯಿಲ್ಲದೆ ನಡೆಯುವವರು 21ರಿಂದ 42ಕ್ಕೆ ಏರುತ್ತಾರೆ ಎಂದು 2011ರಲ್ಲಿ ತೋರಿಸಿದರು. ಬೆಲೆಯನ್ನೂ ಮುಚ್ಚಿಡಲಿಲ್ಲ: ಸರಾಸರಿ 34 ವಾರಕ್ಕೇ ಹೆರಿಗೆ, ಮೂವರಲ್ಲಿ ಒಬ್ಬ ತಾಯಿಯ ಗರ್ಭಕೋಶದ ಹೊಲಿಗೆ ತೆಳುವಾಗಿತ್ತು ಇಲ್ಲವೇ ಬಿಟ್ಟಿತ್ತು, ಮುಂದಿನ ಹೆರಿಗೆಗಳೆಲ್ಲ ಸಿಸೇರಿಯನ್ನೇ. ಆ ಅಧ್ಯಯನ ಮುಗಿಯುವವರೆಗೆ ಅಮೆರಿಕದ ಉಳಿದ ಆಸ್ಪತ್ರೆಗಳು ಈ ಆಪರೇಷನ್ ನಿಲ್ಲಿಸಿ ಕಾದವು. ಇಂಥ ಸಂಯಮ ಅಪರೂಪ. ನಮ್ಮ ಹಾಳೆಯಲ್ಲಿ ಇದಕ್ಕೆ ಕೆಲವೇ ಸಾಲು: ಕೂಸನ್ನು ಬೋರಲು ಮಲಗಿಸಿ, ಸಲೈನ್‌ನಲ್ಲಿ ಅದ್ದಿದ ಗಾಜ್ ಮುಚ್ಚಿ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಒಣಗಲು ಬಿಡಬೇಡಿ, ಅಯೋಡಿನ್ ಸುರಿಯಬೇಡಿ, ಲೇಟೆಕ್ಸ್ ಗ್ಲೌಸ್ ಬೇಡ.

ಬೆನ್ನುಹುರಿಯ ಈ ತೊಂದರೆಯನ್ನು ತಡೆಯುವ ಕೆಲಸ ಆಶಾ ಅಕ್ಕಂದಿರದು, ಅವರಿಗೆ ಎಷ್ಟು ಹೇಳಿದರೂ ಕಡಿಮೆ. ಬೆನ್ನುಹುರಿಯ ಕೊಳವೆ ಗರ್ಭ ಕಟ್ಟಿದ 28 ದಿನದೊಳಗೆ ಮುಚ್ಚಬೇಕು. ಮುಟ್ಟು ತಪ್ಪಿದ್ದು ಗೊತ್ತಾಗುವಷ್ಟರಲ್ಲಿ ಸಮಯ ಮುಗಿಯುತ್ತ ಬಂದಿರುತ್ತದೆ. ಆದ್ದರಿಂದ ಫೋಲಿಕ್ ಆಸಿಡ್ 400 ಮೈಕ್ರೋಗ್ರಾಂ ಮಾತ್ರೆ ಬಸುರಾಗುವ ಒಂದು ತಿಂಗಳು ಮೊದಲೇ ಶುರುವಾಗಬೇಕು. ಹಿಂದೆ ಇಂಥ ಮಗುವಾಗಿದ್ದರೆ ವೈದ್ಯರನ್ನು ಕೇಳಿ 4ರಿಂದ 5 ಮಿಲಿಗ್ರಾಂ. ಹೊಸ ಮದುವೆಯ ಮನೆಗೆ ಹೋಗಿ ಈ ಮಾತು ಎತ್ತುವುದು ಸುಲಭವಲ್ಲ, ಜಗಳೂರು, ಮೊಳಕಾಲ್ಮೂರು ಕಡೆಯ ಅಕ್ಕಂದಿರು ಎತ್ತುತ್ತಿದ್ದಾರೆ. ಪ್ರತಿ ತಿಂಗಳ 9ರ ತಪಾಸಣೆಗೆ ಬಸುರಿಯರನ್ನು ಕರೆತಂದು, 18ರಿಂದ 20 ವಾರದೊಳಗೆ ಸ್ಕ್ಯಾನ್ ಆಗುವಂತೆ ಹಿಂದೆ ಬೀಳುವವರೂ ಅವರೇ.

108ರ ಸಿಬ್ಬಂದಿಗೆ, ಬೆಚ್ಚಗಿಡುವ ವಾರ್ಮರ್ ಪಕ್ಕ ನಿಂತೇ ಕರಡು ಓದಿ ಕಷ್ಟದ ಪದಗಳನ್ನು ಹೊಡೆದುಹಾಕಿದ ಸಿಸ್ಟರ್‌ಗಳಿಗೆ, ಅಚ್ಚಿನ ಮನೆಯವರಿಗೆ ವಂದನೆಗಳು. ಟ್ಯೂಬಿನ ನಂಬರ್ ಬರೆದರೆ ಸಾಲದು, ರಾತ್ರಿ ಪಾಳಿಯಲ್ಲಿ ಕಣ್ಣಿಗೆ ಬೀಳುವುದು ತುದಿಯ ಬಣ್ಣ ಎಂದವರು ಸಿಸ್ಟರ್‌ಗಳೇ. ಹಾಗಾಗಿ 6ಕ್ಕೆ ಹಸಿರು, 8ಕ್ಕೆ ನೀಲಿ, 10ಕ್ಕೆ ಕಪ್ಪು ಚುಕ್ಕೆಗಳನ್ನು ಹಾಳೆಯಲ್ಲೇ ಹಾಕಿಸಿದೆ. ವಾರ್ಮರ್‌ನ ತಲೆಯ ಕಡೆ, ನಿಂತವರ ಕಣ್ಣಿನ ಮಟ್ಟಕ್ಕೆ ಅಂಟಿಸಿ, ಬೀರುವಿನಲ್ಲಿ ಇಡಬೇಡಿ.