ಮನೆ ಬೀಳಿಸಿದ್ದು ಮಳೆ ಅಂತ ಬರೆಯೋ ಮುಂಚೆ ಪಕಾಸಿ ತುದಿ ನೋಡಿ

ಸಂಪಾದಕರಿಗೆ ನಮಸ್ಕಾರ,

ಜೂನ್ ಬಂತು ಅಂದ್ರೆ ನಿಮ್ಮ ಪೇಪರ್‌ನ ಜಿಲ್ಲಾ ಪುಟದಲ್ಲಿ ದಿನಾ ಒಂದು ಸುದ್ದಿ ಇದ್ದೇ ಇರತ್ತೆ, ಭಾರಿ ಗಾಳಿ ಮಳೆಗೆ ಮನೆ ಕುಸಿತ, ಇಂತಿಷ್ಟು ನಷ್ಟ, ತಹಶೀಲ್ದಾರ್ ಭೇಟಿ, ಮುರಿದ ಹೆಂಚಿನ ರಾಶಿ ಮುಂದೆ ನಿಂತ ಮನೆಯವರ ಫೋಟೋ. ಮರ ಬಿದ್ದು ಮಾಡು, ಅಂದ್ರೆ ಮನೆಯ ಮೇಲ್ಛಾವಣಿ, ಮುರಿದಿದ್ರೆ ಸರಿ, ಅದು ಯಾರ ಕೈಲೂ ಇಲ್ಲ. ಆದ್ರೆ ನಾನು ತೀರ್ಥಹಳ್ಳಿ ಹೊಸನಗರ ಕಡೆ ಹೆಂಚಿನ ಮಾಡಿನ ಕೆಲಸ ಮಾಡ್ಕೊಂಡೇ ಬಂದೋನು, ಬಿದ್ದ ಮನೆಗಳ ಮರ ಎತ್ತಿ ಹಾಕಿದೀನಿ, ಅದರಲ್ಲಿ ಎಷ್ಟೋ ಮನೆಯ ಪಕಾಸಿ, ಅಂದ್ರೆ ನೆತ್ತಿಯಿಂದ ಗೋಡೆ ಕಡೆ ಇಳಿಜಾರಾಗಿ ಬರೋ ಮರ, ಕೈಯಲ್ಲಿ ಹಿಚುಕಿದ್ರೆ ಪುಡಿ ಆಗತ್ತೆ. ಆ ಮರ ಒಂದು ರಾತ್ರಿ ಮಳೆಗೆ ಹಾಗಾಗಲ್ಲ ಸ್ವಾಮಿ. ವರ್ಷಗಟ್ಟಲೆ ಕೊಳೆತಾ ಇತ್ತು, ಯಾರೂ ಅಟ್ಟ ಹತ್ತಿ ನೋಡ್ಲಿಲ್ಲ ಅಷ್ಟೆ. ಅದಕ್ಕೇ ಈ ಪತ್ರ, ಉದ್ದ ಆದ್ರೆ ಬೇಸರ ಮಾಡ್ಕೋಬೇಡಿ.

ನಮ್ಮ ಜನಕ್ಕೆ ಇರೋ ದೊಡ್ಡ ತಪ್ಪು ತಿಳುವಳಿಕೆ ಅಂದ್ರೆ ಸೋರಿದ್ರೆ ಮಾಡು ಹೋಯ್ತು, ಸೋರದೇ ಇದ್ರೆ ಮಾಡು ಗಟ್ಟಿ ಇದೆ ಅನ್ನೋದು. ಎರಡೂ ಸುಳ್ಳು. ಸೋರೋದು ಬಹಳ ಸಲ ಒಂದು ಒಡೆದ ಹೆಂಚಿನ ಸಮಾಚಾರ, ಮಂಗ ಹಾರಿರತ್ತೆ, ತೆಂಗಿನ ಗರಿ ಬಿದ್ದಿರತ್ತೆ, ಆ ಹೆಂಚು ತೆಗೆದು ಇನ್ನೊಂದು ತೂರಿಸಿದ್ರೆ ಮುಗೀತು, ಏಣಿ ಹಾಕಿ ಇಳಿಯೋಷ್ಟರಲ್ಲಿ ಕೆಲಸ ಆಗತ್ತೆ. ಮಾಡು ಬದಲಾಯಿಸ್ಬೇಕಾ ಬೇಡ್ವಾ ಅನ್ನೋದನ್ನ ಹೇಳೋದು ಹೆಂಚಿನ ಕೆಳಗಿರೋ ಮರ. ಒಂದು ಹೆಂಚು ಒಡೀತು ಅಂತ ಇಡೀ ಮಾಡು ಕಿತ್ತು ತಗಡಿನ ಶೀಟ್ ಹೊದಿಸಿ ಬೇಸಿಗೇಲಿ ಒಳಗೆ ಬೇಯ್ತಾ ಕೂತಿರೋರನ್ನೂ ನೋಡಿದೀನಿ, ಮರ ಪೂರಾ ಟೊಳ್ಳಾಗಿದ್ರೂ ಪ್ರತಿ ವರ್ಷ ಮೇಲೆ ಟಾರ್ಪಾಲ್ ಎಳೆದು ಈ ಮಳೆಗಾಲ ಕಳೆದ್ರೆ ಸಾಕು ಅನ್ನೋರನ್ನೂ ನೋಡಿದೀನಿ. ಮೊದಲನೆಯವರಿಗೆ ದುಡ್ಡು ದಂಡ. ಎರಡನೆಯವರದ್ದು ಭಯ ಆಗತ್ತೆ, ಯಾಕಂದ್ರೆ ಟಾರ್ಪಾಲ್ ಕೆಳಗೆ ಗಾಳಿ ಆಡಲ್ಲ, ಒಳಗಿನ ತೇವ ಅಲ್ಲೇ ನಿಂತು ಮರ ಇನ್ನೂ ಬೇಗ ಕೊಳೆಯತ್ತೆ.

ನೋಡೋದು ಹೇಗೆ ಅಂತೀರಾ. ಮೊದಲು ಮನೆಯಿಂದ ದೂರ ಹೋಗಿ ನಿಂತ್ಕೊಳ್ಳಿ, ಅಂಗಳದ ಆಚೆ ತುದಿ, ತೋಟದ ದಾರಿ, ಎಲ್ಲಿಂದ ಪೂರಾ ಮಾಡು ಕಾಣತ್ತೋ ಅಲ್ಲಿ. ನೆತ್ತಿಯ ಗೆರೆ ಈ ತುದಿಯಿಂದ ಆ ತುದಿಗೆ ನೆಟ್ಟಗಿದ್ಯಾ ನೋಡಿ, ಆಮೇಲೆ ಸೂರಿನ ಗೆರೆ. ಎಲ್ಲಾದ್ರೂ ತಗ್ಗಿದ್ರೆ, ಹೆಂಚಿನ ಸಾಲು ಒಂದು ಕಡೆ ಹೊಟ್ಟೆ ಬಿಟ್ಕೊಂಡ ಹಾಗೆ ಕಂಡ್ರೆ, ಅದು ಹೆಂಚಿಂದ ಆಗಿದ್ದಲ್ಲ, ಕೆಳಗೆ ಪಕಾಸಿನೋ ತೊಲೆನೋ ಬಾಗಿದೆ ಅಂತ ಅರ್ಥ. ಹಳೇ ಮನೆ ಅಂದ್ಮೇಲೆ ಸ್ವಲ್ಪ ಬಾಗು ಇದ್ದೇ ಇರತ್ತೆ, ಅಜ್ಜನ ಕಾಲದಿಂದ ಹಾಗೇ ಇದ್ರೆ ಅಷ್ಟು ತಲೆ ಕೆಡಿಸ್ಕೋಬೇಡಿ, ಆದ್ರೆ ಹೋದ ವರ್ಷಕ್ಕಿಂತ ಈ ವರ್ಷ ಜಾಸ್ತಿ ಆಗಿದ್ರೆ ಸುಮ್ನಿರಬಾರ್ದು. ಈಗ ಎಲ್ಲರ ಕೈಲೂ ಮೊಬೈಲ್ ಇದ್ಯಲ್ಲ, ಪ್ರತಿ ವರ್ಷ ಒಂದೇ ಜಾಗದಲ್ಲಿ ನಿಂತು ಒಂದು ಫೋಟೋ ಹೊಡೆದಿಡಿ, ಹೋಲಿಸೋಕೆ ಸುಲಭ.

ಆಮೇಲೆ ಹಗಲು ಹೊತ್ತಲ್ಲಿ ಟಾರ್ಚು, ಒಂದು ಸ್ಕ್ರೂಡ್ರೈವರ್ ಹಿಡ್ಕೊಂಡು ಅಟ್ಟಕ್ಕೆ ಹತ್ತಿ. ಹೆಂಚಿನ ಸಂದಿಯಿಂದ ಅಲ್ಲಲ್ಲಿ ಬೆಳಕಿನ ಚುಕ್ಕೆ ಕಾಣತ್ತೆ, ಅದಕ್ಕೆ ಹೆದರಬೇಡಿ, ಹೆಂಚಿನ ಮಾಡು ಉಸಿರಾಡೋದೇ ಹಾಗೆ. ನೋಡ್ಬೇಕಾದ್ದು ಪಕಾಸಿಯ ಬುಡ, ಗೋಡೆ ತಲೆ ಮೇಲೆ ಕೂತಿರೋ ಜಾಗ. ಕೊಳೆಯೋಕೆ ಶುರು ಆಗೋದು ಹೆಚ್ಚಾಗಿ ಅಲ್ಲೇ, ಆಮೇಲೆ ಸೂರಿಂದ ಹೊರಗೆ ಚಾಚಿರೋ ತುದಿ, ಆಮೇಲೆ ಎರಡು ಮಾಡು ಕೂಡೋ ಸಂದಿ. ಆ ಸಂದಿಗೆ ಹಾಕಿರೋ ತಗಡು ತುಕ್ಕು ಹಿಡಿದು ತೂತು ಬಿದ್ರೆ ನೀರು ಒಳಗೆ ಬೀಳದೇ ಮರದ ಮೇಲೇ ಜಾರಿ ಗೋಡೆಗೆ ಇಳಿಯತ್ತೆ, ಮನೆಯವರಿಗೆ ಒಂದು ಹನಿನೂ ಕಾಣಲ್ಲ, ನಮ್ಮಲ್ಲಿ ಸೋರಲ್ಲಪ್ಪ ಅಂತಾನೇ ಇರ್ತಾರೆ. ಈ ಮೂರೂ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಒಳ್ಳೇ ಮರ ತುದಿಯನ್ನ ತಡೆಯತ್ತೆ, ಕೆಟ್ಟ ಮರದಲ್ಲಿ ಮೆತ್ತಗೆ ಇಳಿದು ಹೋಗತ್ತೆ. ಅರ್ಧ ಇಂಚು ಸಲೀಸಾಗಿ ಇಳೀತು ಅಂದ್ರೆ ಆ ಪಕಾಸಿ ಮುಗೀತು ಅಂತ ಲೆಕ್ಕ. ಗೋಡೆ ಮೇಲೆ ಒರಲೆ (ಗೆದ್ದಲು) ಮಣ್ಣಿನ ಗೆರೆ ಹತ್ತಿದ್ರೆ, ಮರ ತಟ್ಟಿದಾಗ ಟೊಳ್ಳು ಸದ್ದು ಬಂದ್ರೆ, ಕೆಳಗೆ ಹಿಟ್ಟಿನಂಥ ಪುಡಿ ಉದುರಿದ್ರೆ ಕೇಳೋದೇ ಬೇಡ.

ಇಲ್ಲೊಂದು ವಿಷಯ, ಯಾರೂ ಹೇಳಲ್ಲ. ಹಿಂದೆ ಒಲೆ ಹೊಗೆ ಮೇಲೆ ಹತ್ತಿ ಅಡುಗೆಮನೆ ಮರಕ್ಕೆಲ್ಲ ಕಪ್ಪು ಹಿಡೀತಿತ್ತಲ್ಲ, ಆ ಹೊಗೆಗೆ ಹುಳ ಹತ್ತಿರ ಸುಳೀತಿರ್ಲಿಲ್ಲ. ಈಗ ಗ್ಯಾಸ್ ಬಂದಿದೆ, ಹೆಂಗಸರ ಕಣ್ಣು ಶ್ವಾಸಕೋಶ ಉಳೀತು, ಒಳ್ಳೇದೇ ಆಯ್ತು, ಆದ್ರೆ ಆ ಮರಕ್ಕೆ ಇದ್ದ ಕಾವಲು ಹೋಯ್ತು. ಒಲೆ ನಿಲ್ಲಿಸಿದ ಮನೆಯವರು ಅಡುಗೆಮನೆ ಮೇಲಿನ ಮರಾನ ಮೊದಲು ನೋಡ್ಬೇಕು, ಅದು ಎಲ್ಲಕ್ಕಿಂತ ಗಟ್ಟಿ ಅಂತ ನಂಬ್ಕೊಂಡಿರ್ತಾರೆ.

ಹೆಂಚಿನ ವಿಷಯಕ್ಕೆ ಬಂದ್ರೆ, ಬೆರಳ ಗೆಣ್ಣಿಂದ ತಟ್ಟಿ, ಒಳ್ಳೇ ಹೆಂಚು ಠಣ್ ಅನ್ನತ್ತೆ, ಸತ್ತ ಹೆಂಚು ಡಬ್ ಅನ್ನತ್ತೆ. ಕೆಳಮುಖ ಪದರ ಪದರ ಏಳ್ತಿದ್ರೆ, ರೀಪಿಗೆ (ಪಕಾಸಿ ಮೇಲೆ ಅಡ್ಡಡ್ಡ ಹೊಡೆದಿರೋ ಪಟ್ಟಿ) ಸಿಕ್ಕಿಸೋ ಹಿಂದಿನ ಹಲ್ಲು ಮುರಿದಿದ್ರೆ ಅದನ್ನ ತೆಗೆದುಬಿಡಿ. ಹೆಂಚಿಗೆ ವಯಸ್ಸಾಯ್ತು ಅಂತ ಮಾತ್ರ ಎಸೀಬೇಡಿ. ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಮಿಷನರಿ ಸಂಸ್ಥೆಯವರು 1860ರ ದಶಕದಲ್ಲಿ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ರಲ್ಲ, ಅವರ ಹೆಂಚು ಈಗಲೂ ಎಷ್ಟೋ ಮನೆ ಮೇಲೆ ಗಟ್ಟಿಯಾಗಿ ಕೂತಿದೆ. (ಕೆಲವರು ಹೆಂಚಿನ ಹಿಂದೆ 1865 ಅಂತ ಅಚ್ಚು ನೋಡಿ ನಮ್ಮ ಮನೆ ಅಷ್ಟು ಹಳೇದು ಅಂತ ಹೆಮ್ಮೆ ಪಡ್ತಾರೆ, ಅದು ಕಾರ್ಖಾನೆ ಶುರುವಾದ ವರ್ಷ, ಹೆಂಚು ಸುಟ್ಟ ವರ್ಷ ಅಲ್ಲ, ಹೇಳಿದ್ರೆ ಬೇಜಾರ್ ಮಾಡ್ಕೋತಾರೆ ಅಂತ ನಾನೂ ಸುಮ್ನಿರ್ತೀನಿ.) ಹೆಂಚಿನ ಕೆಳಗೆ ಹಾಕಿದ, ಅಡಿಕೆ ಮರ ಸೀಳಿ ಮಾಡಿದ ದಬ್ಬೆ ರೀಪು ಮಾತ್ರ ಅಷ್ಟು ಬಾಳಿಕೆ ಬರಲ್ಲ, ಹೆಂಚು ಅದೇ ಇದ್ರೂ ರೀಪು ಎಷ್ಟೋ ಸಲ ಬದಲಾಯಿಸ್ಬೇಕಾಗತ್ತೆ. ಹೆಂಚು ಬದಲಿಸಿದ್ರೂ ಅದೇ ಜಾಗದಲ್ಲಿ ಮತ್ತೆ ಮತ್ತೆ ಸೋರ್ತಿದ್ರೆ ರೀಪು ಕುಸಿದಿದೆ ಅಂತಾನೇ ಇಟ್ಕೊಳ್ಳಿ. ಆಗ ಆ ಭಾಗದ ಹೆಂಚು ಇಳಿಸಿ ರೀಪು ಮಾತ್ರ ಹೊಸದು ಹೊಡೆದು ಹಳೇ ಹೆಂಚೇ ವಾಪಸ್ ಹೊದಿಸಬಹುದು. ಪಕಾಸಿ ನಾಲ್ಕರಲ್ಲಿ ಒಂದಕ್ಕಿಂತ ಜಾಸ್ತಿ ಕೆಟ್ಟಿದ್ರೆ ತೇಪೆ ಹಾಕ್ತಾ ಕೂರೋದು ಬೇಡ, ಪೂರಾ ಇಳಿಸಿ ಅನ್ನೋದು ನನ್ನ ಲೆಕ್ಕ, ಬೇರೆ ಆಚಾರ್ರು ಬೇರೆ ಹೇಳಬಹುದು.

ಮಳೇಲೇ ಯಾಕೆ ಬೀಳತ್ತೆ ಅಂತ ಕೇಳ್ತಾರಲ್ಲ, ಒಂದು ಸಣ್ಣ ಲೆಕ್ಕ ಹೇಳ್ತೀನಿ. 100 ಚದರ ಅಡಿ ಮಾಡಿಗೆ ಹೆಚ್ಚು ಕಡಿಮೆ 150 ಮಂಗಳೂರು ಹೆಂಚು ಬೇಕು, ಒಂದು ಹೆಂಚು ಎರಡೂವರೆ ಕೆಜಿ ಅಂತ ಹಿಡಿದ್ರೂ 375 ಕೆಜಿ. ಹಳೇ ಹೆಂಚು ತನ್ನ ತೂಕದ ನೂರಕ್ಕೆ ಹದಿನೈದು ಪಾಲು ನೀರು ಕುಡೀತು ಅಂದ್ರೆ ಅಷ್ಟಕ್ಕೇ 50 ಕೆಜಿ ಮೇಲೆ ಭಾರ ಜಾಸ್ತಿ ಆಯ್ತು, ಪಾಚಿ, ತರಗೆಲೆ ಹಿಡಿದಿಟ್ಕೊಳ್ಳೋ ನೀರು ಬೇರೆ. ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳತ್ತೆ, ಹೆಂಚಿಗೆ ಒಣಗೋಕೆ ಪುರುಸೊತ್ತೇ ಸಿಗಲ್ಲ. ಜೊತೆಗೆ ಮಣ್ಣಿನ ಗೋಡೆ ತಲೆಯಿಂದ ನೆನೀತಾ ಬಂದಿದ್ರೆ ಪಕಾಸಿಗೆ ಕೂರೋಕೆ ಜಾಗಾನೇ ಇಲ್ಲ. ಎಷ್ಟೋ ಕಡೆ ಮೊದಲು ಕುಸಿಯೋದು ಗೋಡೆ, ಮಾಡು ಅದರ ಹಿಂದೆ ಬರತ್ತೆ. ಹಾಗಾಗಿ ಗೋಡೆಯ ಮೇಲ್ಭಾಗದಲ್ಲಿ ಹೊಸದಾಗಿ ಕಂದು ಗೆರೆ ಇಳಿದಿದ್ರೆ ಅದಕ್ಕೆ ಸುಣ್ಣ ಬಳಿದು ಮುಚ್ಚಬೇಡಿ.

ಆರ್‌ಸಿಸಿ ತಾರಸಿಯವರು ನಮಗೇನೂ ಇಲ್ಲ ಅಂದ್ಕೋಬೇಡಿ. ಸೀಲಿಂಗ್‌ನಲ್ಲಿ ಕಂಬಿ ಇರೋ ಗೆರೆ ಹಿಡಿದು ಬಿರುಕು, ತುಕ್ಕಿನ ಕಲೆ, ಸಿಮೆಂಟ್ ಚಕ್ಕೆ ಉದುರೋದು, ಇದೆಲ್ಲ ಒಳಗೆ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟ್ ಒಡೀತಿರೋ ಗುರುತು, ಮೇಲೆ ವಾಟರ್‌ಪ್ರೂಫ್ ಪೇಂಟ್ ಬಳಿದ್ರೆ ಕಬ್ಬಿಣ ವಾಪಸ್ ಬರಲ್ಲ, ಇಂಜಿನಿಯರ್ ಕರೆಸಿ. ಸಿಮೆಂಟ್ ಶೀಟಿನವರಿಗೆ ಒಂದೇ ಮಾತು, ಹಳೇ ಶೀಟ್ ಮೇಲೆ ಕಾಲಿಡಬೇಡಿ, ಕಾಲು ಇಟ್ಟಲ್ಲೇ ಒಡೆದು ಕೆಳಗೆ ಬಿದ್ದು ಸೊಂಟ ಮುರ್ಕೊಂಡೋರು ಊರೂರಲ್ಲೂ ಇದಾರೆ. ಅದರಲ್ಲಿ ಆಸ್‌ಬೆಸ್ಟಾಸ್ ಇರತ್ತೆ, ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ತೆಗೆಯೋವಾಗ ನೀರು ಹಾಕಿ ಒದ್ದೆ ಮಾಡಿ ಇಡಿಯಾಗಿ ಇಳಿಸ್ಬೇಕು, ಸುತ್ತಿಗೆ ತಗೊಂಡು ಕುಟ್ಟಬಾರ್ದು.

ಈಗ ಸರ್ಕಾರದ ಕಡೆ ಬರ್ತೀನಿ, ನನ್ನ ಸಿಟ್ಟು ಇರೋದು ಇಲ್ಲೇ. ಗೋಡೆ ಗಟ್ಟಿ ಇದೆ, ಮಾಡಿನ ಮರ ಮಾತ್ರ ಹೋಗಿದೆ, ಕೈಲಿ ಕಾಸಿಲ್ಲ, ಇಂಥವರಿಗೆ ಏನಿದೆ? ಪ್ರಧಾನಮಂತ್ರಿ ಆವಾಸ್ ಗ್ರಾಮೀಣದಲ್ಲಿ 1.20 ಲಕ್ಷ, ಗುಡ್ಡಗಾಡಿಗೆ 1.30 ಲಕ್ಷ ಕೊಡೋದು ಹೊಸ ಮನೆ ಕಟ್ಟೋಕೆ, ಹಳೇ ಮಾಡು ಬದಲಿಸೋಕಲ್ಲ. ಅದಕ್ಕೂ ಮನೆ ಕಚ್ಚಾ ಆಗಿರ್ಬೇಕು. 2011ರ ಸಾಮಾಜಿಕ ಆರ್ಥಿಕ ಗಣತಿಯಲ್ಲಿ ಕೈಹೆಂಚಿನ ಮಾಡು ಕಚ್ಚಾ, ಮಷಿನ್ ಹೆಂಚಿನ ಮಾಡು ಪಕ್ಕಾ ಅಂತ ಲೆಕ್ಕ. ಅಂದ್ರೆ ಒರಲೆ ತಿಂದ ಪಕಾಸಿ ಮೇಲೆ ಮಂಗಳೂರು ಹೆಂಚು ಇದ್ರೂ ಕಾಗದದಲ್ಲಿ ಅದು ಪಕ್ಕಾ ಮಾಡು, ಮರ ಹೇಗಿದೆ ಅಂತ ಕೇಳೋ ಕಾಲಮ್ಮೇ ಇಲ್ಲ. ಸರಿ, ಮಾಡು ಬಿತ್ತು ಅಂತ ಇಟ್ಕೊಳ್ಳಿ, ಕೇಂದ್ರದ 2022-26ರ ವಿಪತ್ತು ಪರಿಹಾರದ ನಿಯಮದಲ್ಲಿ ನೂರಕ್ಕೆ ಹದಿನೈದು ಭಾಗವಾದ್ರೂ ಹಾನಿ ಆಗಿರೋ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000. ರಾಜ್ಯದವರು ಕೆಲವು ಸಲ ಮೇಲೆ ಸೇರಿಸಿ ಕೊಟ್ಟಿದಾರೆ, 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಣೆ ಮಾಡಿದ್ರು, ಇಲ್ಲ ಅನ್ನಲ್ಲ. ಆದ್ರೆ ಎಲ್ಲಾ ಬಿದ್ದ ಮೇಲೆ. ಬೀಳೋ ಮುಂಚೆ ರೀಪು ಪಕಾಸಿಗೆ ಅಂತ ಒಂದಿಷ್ಟು ಕೊಟ್ಟಿದ್ರೆ ಎಷ್ಟೋ ಮನೆ ಉಳೀತಿತ್ತು.

ನಾನು ಕೇಳೋದು ಹೆಚ್ಚೇನಲ್ಲ. ಶಿವರಾತ್ರಿ ಕಳೆದು ಏಪ್ರಿಲ್ ಒಳಗೆ ಪಂಚಾಯ್ತಿಯಿಂದ ಒಬ್ಬ ಇಂಜಿನಿಯರ್, ಒಬ್ಬ ಅನುಭವಸ್ಥ ಮರಗೆಲಸದವರು ಸೇರಿ ಹಳೇ ಹೆಂಚಿನ ಮನೆ, ಹೆಂಚಿನ ಮಾಡಿನ ಸರ್ಕಾರಿ ಶಾಲೆ, ಅಂಗನವಾಡಿ ಒಂದು ಸುತ್ತು ನೋಡ್ಲಿ. ಶಾಲೆ ಮಾಡನ್ನ ಮೇ ರಜೇಲಿ ಸರಿ ಮಾಡ್ಬೇಕು, ಈಗ ಆಗ್ತಿರೋದು ಆರಿದ್ರಾ ಮಳೆ ಹಿಡಿದ ಮೇಲೆ ಮಕ್ಕಳನ್ನ ಪಕ್ಕದ ರೂಮಿಗೆ ಕೂರಿಸಿ ಎಸ್ಟಿಮೇಟ್ ಬರೆಯೋದು. ಮನೆಯವರಿಗೂ ಅಷ್ಟೆ, ಮೇ ಕೊನೇಲಿ ಫೋನ್ ಮಾಡಿ ನಾಳೆ ಬನ್ನಿ ಅಂದ್ರೆ ನಾವಾದ್ರೂ ಎಲ್ಲಿಂದ ಬರೋಣ, ಈ ಕೆಲಸ ಕಲಿತ ಹುಡುಗರೇ ಇಲ್ಲ ಈಗ, ಎಲ್ಲಾ ಬೆಂಗಳೂರಲ್ಲಿದಾರೆ.

ನಿಮ್ಮ ಪೇಪರ್‌ನವರಿಗೂ ಒಂದು ಕೋರಿಕೆ. ಈ ಮಳೆಗಾಲದಲ್ಲಿ ಮನೆ ಬಿದ್ದ ಸುದ್ದಿ ಮಾಡೋವಾಗ ವರದಿಗಾರರು ಅಲ್ಲಿ ಬಿದ್ದಿರೋ ಪಕಾಸಿ ಮುರಿದ ತುದೀನ ಒಂದು ಸಲ ನೋಡ್ಲಿ, ಹಸಿ ಸೀಳು ಇದ್ಯಾ, ಕೊಳೆತು ಕಪ್ಪಾಗಿದ್ಯಾ ಅಂತ. ಅದನ್ನೂ ಒಂದು ಸಾಲು ಬರೀಲಿ, ಆಗ ಪಕ್ಕದ ಮನೆಯವರು ಅವತ್ತೇ ಅಟ್ಟ ಹತ್ತುತಾರೆ.

ಇಂತಿ,
ನಿಮ್ಮ ಪೇಪರ್ ಓದುಗ, ಒಬ್ಬ ಮರಗೆಲಸದವ
ತೀರ್ಥಹಳ್ಳಿ ತಾಲ್ಲೂಕು